ಎರಡು ದಿನದ ಕಾಶಿ

ರಜೆ ನಾಲ್ಕು ದಿನ, ಊರು ರೋಮ್ ಅಥವಾ ಪ್ಯಾರಿಸ್. ಹೊರಡುವುದಕ್ಕೆ ಎರಡು ತಿಂಗಳು ಮೊದಲೇ ಮನೆಯಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಇಳಿದ ದಿನ ಮಧ್ಯಾಹ್ನ ನದಿಯ ದಡ, ಮರುದಿನ ಜನ ಸೇರುವ ಮೊದಲೇ ಮ್ಯೂಸಿಯಂ, ಸಂಜೆಗೆ ಗೋಪುರ, ಮೂರನೆಯ ದಿನ ದೊಡ್ಡ ಚರ್ಚು, ಉಳಿದ ಅರ್ಧ ದಿನ ಅಂಗಡಿ ಬೀದಿ. ಹೀಗೆ ಪಟ್ಟಿ ಹಿಡಿದು ಊರು ನೋಡುವವರನ್ನು ಕಂಡರೆ ನಮ್ಮಲ್ಲಿ ಓದಿದವರಿಗೆ ಒಂದು ಬಗೆಯ ತಾತ್ಸಾರ. ನಮ್ಮ ಹಿರಿಯರು ನಿಧಾನವಾಗಿ, ತಿಂಗಳುಗಟ್ಟಲೆ ಯಾತ್ರೆ ಮಾಡುತ್ತಿದ್ದರು, ಕಂಡದ್ದನ್ನು ಅರಗಿಸಿಕೊಳ್ಳುತ್ತಿದ್ದರು. ಮೂರು ದಿನದಲ್ಲಿ ಒಂದು ಮಹಾನಗರವನ್ನು ಮುಗಿಸಿಬಿಡುವ ಈ ಆತುರ ಪಶ್ಚಿಮದಿಂದ ಬಂದ ಚಾಳಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಈ ಮಾತಿನಲ್ಲಿ ಚರಿತ್ರೆ ತಲೆಕೆಳಗಾಗಿದೆ ಎಂದು ನನ್ನ ವಾದ. ತಿಂಗಳುಗಟ್ಟಲೆ ಯಾತ್ರೆ ಮಾಡಿದವರು ಬೆರಳೆಣಿಕೆಯ ಜನ. ಉಳಿದವರು ಮಾಡಿದ್ದು ಎರಡು ಮೂರು ದಿನದ, ಗಟ್ಟಿಯಾಗಿ ಯೋಜಿಸಿದ, ಏನು ಮೊದಲು ಏನು ಆಮೇಲೆ ಎಂಬ ಪಟ್ಟಿಯಿದ್ದ ತಿರುಗಾಟವನ್ನೇ. ಇದಕ್ಕೆ ಸಾಕ್ಷಿ ಹುಡುಕಿಕೊಂಡು ಯುರೋಪಿಗೆ ಹೋಗಬೇಕಾಗಿಲ್ಲ. ಕಪಿಲಾ ನದಿಯ ಎರಡು ದಡಗಳಲ್ಲಿ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ, ಅದು ಕಲ್ಲಿನಲ್ಲೂ ಕಾಗದದಲ್ಲೂ ಉಳಿದಿದೆ. ಅದರ ದೊಡ್ಡ ಪಾಲು ಈಗ ಯಾರೂ ನೆನೆಯದ ಕಳಲೆ ಎಂಬ ಊರಿನ ಮನೆತನದ ಕೊಡುಗೆ.

ಮೊದಲ ಸಾಕ್ಷಿ ನಮ್ಮ ಮಾತಿನಲ್ಲೇ ಇದೆ. ‘ಜಾತ್ರೆ’ ಎನ್ನುವುದು ‘ಯಾತ್ರೆ’ಯ ತದ್ಭವ. ಕಾಶಿಗೆ ಹೋದರೆ ಅದು ಯಾತ್ರೆ, ನಂಜನಗೂಡಿಗೆ ಹೋದರೆ ಜಾತ್ರೆ. ಪದ ಒಂದೇ, ಸವೆದು ಹತ್ತಿರಕ್ಕೆ ಬಂದಿದೆ. ಅದರ ಜೊತೆಗೆ ದಾರಿಯೂ ಗಿಡ್ಡವಾಗಿದೆ. ದೂರದ ಮಹಾಕ್ಷೇತ್ರವನ್ನು ಮನೆಯಿಂದ ಒಂದು ದಿನದ ದಾರಿಗೆ ಎಳೆದು ತರುವ ಕೆಲಸವನ್ನು ಈ ಸೀಮೆ ಎಷ್ಟು ಹಟದಿಂದ ಮಾಡಿದೆಯೆಂದರೆ, ನಂಜನಗೂಡು ದಕ್ಷಿಣ ಕಾಶಿಯಾಯಿತು, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು ದಕ್ಷಿಣ ಪ್ರಯಾಗವಾಯಿತು, ಪ್ರಯಾಗವಾದ ಮೇಲೆ ಕುಂಭಮೇಳವಿಲ್ಲದಿದ್ದರೆ ಹೇಗೆಂದು 1989ರಿಂದ ಮೂರು ವರ್ಷಕ್ಕೊಮ್ಮೆ ಅದೂ ನಡೆಯುತ್ತಿದೆ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಗುಲಗಂಜಿ ಎಂದರೆ ಕೆಂಪು ಮೈ, ಒಂದು ತುದಿಗೆ ಕಪ್ಪು ಮಚ್ಚೆ, ಅಕ್ಕಸಾಲಿಗರು ಚಿನ್ನ ತೂಗಲು ತಕ್ಕಡಿಗೆ ಹಾಕುತ್ತಿದ್ದ ಕಾಳು. ಊರಿನವರು ಹೇಳುವ ಕಥೆಯಲ್ಲಿ ಈ ಗುಡಿ ಕಟ್ಟಿಸಿದವನು ಒಬ್ಬ ಅಗಸ. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಹೊನ್ನು ಸಿಕ್ಕಿತು, ಗುಡಿ ಎದ್ದಿತು. ಆಮೇಲೆ ಅವನಿಗೆ ಕಾಶಿಗೆ ಹೋಗುವ ಆಸೆ. ದೇವರು ಕನಸಿನಲ್ಲಿ ಬಂದು, ಈ ಸಂಗಮ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು, ಹೋಗುವುದು ಬೇಡ ಎಂದನಂತೆ. ಕಥೆಯನ್ನು ನಂಬುವುದು ಬಿಡುವುದು ಬೇರೆ ಮಾತು. ಅದು ಯಾರ ಬಾಯಿಗೆ ಈ ಆಸೆಯನ್ನು ಇಟ್ಟಿದೆ ನೋಡಿ. ದಿನ ತುಂಬ ಬಟ್ಟೆ ಒಗೆದರೆ ಮಾತ್ರ ಹೊಟ್ಟೆ ತುಂಬುವವನ ಬಾಯಿಗೆ. ಹೋಗಿಬರಲು ತಿಂಗಳುಗಟ್ಟಲೆ ಬೇಕಾಗಿದ್ದ ಕಾಶಿಯನ್ನು ಅಂಥವನ ಕೈಗೆ ಎಟುಕಿಸಲು ಇದ್ದ ದಾರಿ ಒಂದೇ, ಕಾಶಿಯನ್ನು ಎರಡು ದಿನಕ್ಕೆ ಇಳಿಸುವುದು. ತೂಕ ಹೆಚ್ಚಾಗಿದ್ದು ಗುಲಗಂಜಿಯಷ್ಟೇ ಎಂಬಲ್ಲಿ ಒಂದು ತುಂಟತನವೂ ಇದೆ. ಕಾಶಿಯ ಮರ್ಯಾದೆಗೂ ಕುಂದು ಬರಬಾರದಲ್ಲ.

ಆದರೆ ಕಥೆ ಕಟ್ಟಿದ ಮಾತ್ರಕ್ಕೆ ಜನ ಹೊರಡುವುದಿಲ್ಲ. ಕಡಿಮೆ ಸಮಯದ ತಿರುಗಾಟಕ್ಕೆ ಮೊದಲು ಬೇಕಾದದ್ದು ಬಿಡುವು, ಆ ಬಿಡುವು ಪಂಚಾಂಗದಲ್ಲಿ ಬರೆದಿತ್ತು. ಈ ಸೀಮೆಯ ಜಾತ್ರೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಅದು ತಿಳಿಯುತ್ತದೆ: ನಂಜನಗೂಡಿನ ಚಿಕ್ಕ ಜಾತ್ರೆ ನವೆಂಬರ್ ಡಿಸೆಂಬರ್ ಹೊತ್ತಿಗೆ, ಸುತ್ತೂರು ಜಾತ್ರೆ ಜನವರಿಯಲ್ಲಿ, ಮುಡುಕುತೊರೆಯದು ಅದರ ಹಿಂದೆಯೇ, ನಂಜನಗೂಡಿನ ದೊಡ್ಡ ಜಾತ್ರೆ ಮಾರ್ಚ್ ಏಪ್ರಿಲ್‌ನಲ್ಲಿ. ಬೆಳೆ ಕೈಗೆ ಬರತೊಡಗಿದಾಗಿನಿಂದ ಮುಂಗಾರಿನ ಮೊದಲ ಹದ ಬೀಳುವವರೆಗಿನ ಕಾಲ ಇದು. ಎತ್ತುಗಳಿಗೆ ಕೆಲಸವಿಲ್ಲ, ಕೈಯಲ್ಲಿ ಒಂದಿಷ್ಟು ಕಾಸಿದೆ, ಹೊಳೆಯಲ್ಲಿ ನೀರು ಇಳಿದಿದೆ. ತಿಥಿ ನಕ್ಷತ್ರಗಳ ಲೆಕ್ಕದ ಕೆಳಗೆ ಉಳುಮೆಯ ಲೆಕ್ಕ ಕೂತಿದೆ. ಇನ್ನು ಸಿದ್ಧತೆ. ಗಾಡಿಗೆ ಕಮಾನು ಕಟ್ಟಿ, ಒಳಗೆ ಹುಲ್ಲು ಹರವಿ ಅದರ ಮೇಲೆ ಜಮಖಾನ ಹಾಸಿ, ಅಚ್ಚಿನ ಕೆಳಗೆ ಲಾಂದ್ರ ತೂಗುಹಾಕುವುದು ಗಂಡಸರ ಕೆಲಸ. ಬುತ್ತಿ ಕಟ್ಟುವುದು ಹೆಂಗಸರದು, ನಿಜವಾದ ಯೋಜನೆ ಇರುತ್ತಿದ್ದದ್ದೂ ಅಲ್ಲೇ. ಬೇಗ ಹಳಸುವ ಮೊಸರನ್ನ ಮೊದಲ ಹೊತ್ತಿಗೆ, ಒಂದು ದಿನ ತಾಳುವ ಹುಳಿಯನ್ನ ಮರುದಿನಕ್ಕೆ, ರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ ಅದರ ಮೇಲೆ, ಏನೂ ಇಲ್ಲದಾಗ ನೀರು ಬೆಲ್ಲ ಹಾಕಿ ಕಲಸಲು ಹುರಿಹಿಟ್ಟು. ಯಾವುದು ಎಷ್ಟು ಹೊತ್ತು ಕೆಡದೆ ಇರುತ್ತದೆ ಎನ್ನುವುದರ ಮೇಲೆಯೇ ಪ್ರವಾಸದ ಉದ್ದ ನಿಲ್ಲುತ್ತಿತ್ತು. ಮೈಸೂರಿನಿಂದ ನಂಜನಗೂಡಿಗೆ ಹದಿನೈದು ಮೈಲಿ. ಗಾಡಿಯಲ್ಲಿ ಹೋಗಲು ಒಂದು ಹಗಲು, ಅಲ್ಲೊಂದು ರಾತ್ರಿ, ಬರಲು ಇನ್ನೊಂದು ಹಗಲು. ಇಂದು ಎರಡು ರಾತ್ರಿ ಮೂರು ಹಗಲು ಎಂದು ಮಾರುವ ಟೂರಿನ ಅಳತೆಗೂ ಬುತ್ತಿಯ ಈ ಅಳತೆಗೂ ಅಂತರ ಅಷ್ಟೇನಿಲ್ಲ.

ಎರಡನೆಯದು ದಾರಿ. ದಾರಿಯ ಅನಿಶ್ಚಿತತೆ ತಿಂಗಳ ಯಾತ್ರೆಯನ್ನು ಕೆಡಿಸದು. ಹೊಳೆ ತುಂಬಿದ್ದರೆ ನಾಲ್ಕು ದಿನ ದಡದಲ್ಲಿ ಕಾಯಬಹುದು. ಎರಡು ದಿನದ ಪ್ರವಾಸಕ್ಕೆ ಆ ನಾಲ್ಕು ದಿನ ಎಲ್ಲಿಂದ ಬರಬೇಕು? ನಂಜನಗೂಡು ಕಪಿಲೆಯ ಬಲದಂಡೆಯ ಊರು, ಮೈಸೂರಿನಿಂದ ಬರುವವರು ನದಿ ದಾಟಲೇಬೇಕು. ಆ ದಾಟುವಿಕೆಯನ್ನು ಹೊಳೆಯ ಮರ್ಜಿಯಿಂದ ಬಿಡಿಸಿದ್ದು 1735ರ ಸೇತುವೆ. ಕಟ್ಟಿಸಿದವನು ದಳವಾಯಿ ದೇವರಾಜಯ್ಯ, ಕಳಲೆ ಮನೆತನದವನು. ನಂಜನಗೂಡಿನಿಂದ ಕೆಲವೇ ಮೈಲಿ ದೂರದ ಕಳಲೆಯ ಅರಸು ಮನೆತನಕ್ಕೂ ಮೈಸೂರು ಒಡೆಯರಿಗೂ 17ನೇ ಶತಮಾನದ ಮೊದಲ ಭಾಗದಲ್ಲೇ ಒಪ್ಪಂದವಾಗಿ, ಸೇನೆಯ ಮುಖ್ಯಸ್ಥನ ಹುದ್ದೆ ಕಳಲೆಯವರದಾಯಿತು. 18ನೇ ಶತಮಾನದ ನಡುಭಾಗಕ್ಕೆ ಬರುವಷ್ಟರಲ್ಲಿ ಒಡೆಯರು ಹೆಸರಿಗೆ ಮಾತ್ರ, ಅಧಿಕಾರವೆಲ್ಲ ದಳವಾಯಿ ದೇವರಾಜಯ್ಯ ಮತ್ತು ಅವನ ತಮ್ಮ ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯನ ಕೈಯಲ್ಲಿ. ಸೇತುವೆಯ ಉದ್ದ ಸುಮಾರು 225 ಮೀಟರ್. ಗಿಡ್ಡ, ದಪ್ಪ ಕಲ್ಲುಕಂಬಗಳು ಒತ್ತೊತ್ತಾಗಿ ನೀರಿನಲ್ಲಿ ನಿಂತಿವೆ, ನಡುವಿನ ಕಂಡಿಗಳು ಕಿರಿದು. ಸೊಗಸಿಗಾಗಿ ಕಟ್ಟಿದ್ದಲ್ಲ, ಪ್ರವಾಹಕ್ಕೆ ಮೈಯೊಡ್ಡಿ ನಿಲ್ಲಲು ಕಟ್ಟಿದ್ದು. ನಿಂತೂ ನಿಂತಿತು. ಗಾಡಿಗಳಿಗೆಂದು ಹಾಕಿದ ಕಲ್ಲಿನ ಮೇಲೆ ಮುಂದೆ ರೈಲು ಹಳಿ ಹಾಸಿದರು, ಪಕ್ಕದಲ್ಲೇ ಬಸ್ಸು ಲಾರಿ ಓಡಿದವು, ಮೀಟರ್ ಗೇಜ್ ರೈಲು 2007ರವರೆಗೂ ಅದರ ಮೇಲೆಯೇ ಹೋಗಿಬರುತ್ತಿತ್ತು.

ಇಲ್ಲಿ ಒಂದು ಆಕ್ಷೇಪ ಏಳಬೇಕು, ಏಳುವುದು ನ್ಯಾಯವೂ ಹೌದು. ದಳವಾಯಿ ಎಂದರೆ ದಂಡನಾಯಕ. ಅವನು ಸೇತುವೆ ಕಟ್ಟಿಸಿದ್ದು ದಂಡು ಮತ್ತು ಫಿರಂಗಿ ದಕ್ಷಿಣಕ್ಕೆ ಸಾಗಲೆಂದೇ ಹೊರತು ಭಕ್ತರು ಕಾಲು ನೆನೆಯದೆ ದಾಟಲೆಂದಲ್ಲ. ಇದನ್ನು ಅಲ್ಲಗಳೆಯಲು ನನಗೆ ಮನಸ್ಸಿಲ್ಲ. ಕೊಯಮತ್ತೂರು, ತಿರುಚಿರಾಪಳ್ಳಿಗಳ ಕಡೆಗೇ ಆ ಕಾಲದ ಮೈಸೂರಿನ ಕಣ್ಣು ನೆಟ್ಟಿತ್ತು. ಆದರೆ ದಾರಿಗಳ ಚರಿತ್ರೆಯಲ್ಲಿ ಕಟ್ಟಿಸಿದವನ ಉದ್ದೇಶಕ್ಕಿಂತ ಬಳಸಿದವರ ಹೆಜ್ಜೆಗೆ ಬೆಲೆ ಹೆಚ್ಚು. ದಂಡು ಹೋಗುವುದು ಎಂದೋ ಒಮ್ಮೆ, ಜಾತ್ರೆ ಬರುವುದು ಪ್ರತಿ ವರ್ಷ. ಅಪ್ಪಟ ಯಾತ್ರಿಕರಿಗೆಂದೇ ಕಟ್ಟಿದ ಸೇತುವೆ ಬೇಕೆಂದರೆ ರೋಮ್ ನೋಡಬೇಕು. ಪೋಪ್ ಎಂಟನೆಯ ಬೊನಿಫೇಸ್ 1300ನ್ನು ಪುಣ್ಯವರ್ಷವೆಂದು ಸಾರಿದಾಗ ಪೀಟರ್ ಮತ್ತು ಪಾಲ್ ಸಂತರ ಚರ್ಚುಗಳಿಗೆ ಊರಿನವರು ಮೂವತ್ತು ದಿನ, ಹೊರಗಿನವರು ಹದಿನೈದು ದಿನ ಹೋಗಿಬರಬೇಕೆಂದು ವಿಧಿಸಿದ. ಹೊರಗಿನವನಿಗೆ ಅರ್ಧ ರಿಯಾಯಿತಿ. ಅವನ ಸಮಯ ಕಡಿಮೆ ಎಂಬುದನ್ನು ಚರ್ಚು ಅಷ್ಟು ಹಿಂದೆಯೇ ಒಪ್ಪಿಕೊಂಡಿತ್ತು. ನೂಕುನುಗ್ಗಲು ತಡೆಯಲು ಟೈಬರ್ ನದಿಯ ಸೇತುವೆಯ ಮೇಲೆ ಹೋಗುವವರಿಗೊಂದು ಬದಿ, ಬರುವವರಿಗೊಂದು ಬದಿ ಮಾಡಿದರು. 1450ರ ಪುಣ್ಯವರ್ಷದಲ್ಲಿ ಅದೇ ಸೇತುವೆಯ ಮೇಲೆ ಕಾಲ್ತುಳಿತವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ಪಾಠ ಕಲಿತ ನಾಲ್ಕನೆಯ ಸಿಕ್ಸ್ಟಸ್ 1475ರ ಪುಣ್ಯವರ್ಷಕ್ಕೆಂದು ಹೊಸ ಸೇತುವೆಗೆ ಕೈಹಾಕಿದ. ಪೋಂಟೆ ಸಿಸ್ತೊ ಎಂಬ ಆ ಸೇತುವೆಯ ಮೇಲೆ ಇಂದು ಸಂಜೆ ಹೊತ್ತು ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುತ್ತಾರೆ. ಒಂದು ಸೇತುವೆ ಯಾತ್ರೆಗೆ, ಇನ್ನೊಂದು ಯುದ್ಧಕ್ಕೆ ಹುಟ್ಟಿದ್ದು. ಇನ್ನೂರು ಮುನ್ನೂರು ವರ್ಷ ಕಳೆದ ಮೇಲೆ ಎರಡರ ಮೇಲೂ ಓಡಾಡಿದವರು ಒಂದೇ ಬಗೆಯ ಜನ.

ಮೂರನೆಯದು, ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು, ಪಟ್ಟಿ. ಇಲ್ಲಿ ದೇವರಾಜಯ್ಯನ ತಮ್ಮ ನಂಜರಾಜಯ್ಯ ಬರುತ್ತಾನೆ. ರಾಜಕೀಯ ಚರಿತ್ರೆಯಲ್ಲಿ ಇವನದು ಸೋತವನ ಹೆಸರು. 1752ರಿಂದ ತಿರುಚಿರಾಪಳ್ಳಿಗಾಗಿ ಮೂರು ವರ್ಷ ಹೋರಾಡಿ ಬರಿಗೈಯಲ್ಲಿ ಹಿಂದಿರುಗಿದ, ಖಜಾನೆ ಬರಿದಾಯಿತು, ಸಂಬಳ ಸಿಗದ ಸಿಪಾಯಿಗಳು ಅವನ ಮನೆ ಬಾಗಿಲಲ್ಲಿ ಧರಣಿ ಕೂತರು, ಆ ಲೆಕ್ಕ ತೀರಿಸಿದ ಹೈದರಾಲಿ ಕೊನೆಗೆ ಇವನನ್ನೇ ಪಕ್ಕಕ್ಕೆ ಸರಿಸಿದ. ಸೆರೆಯಲ್ಲಿದ್ದೇ ಇವನು 1773ರಲ್ಲಿ ತೀರಿಕೊಂಡ. ಆದರೆ ಕಳಲೆ ನಂಜರಾಜನಿಗೆ ಇನ್ನೊಂದು ಮುಖವಿದೆ, ಗ್ರಂಥಕರ್ತನದು. ಅವನ ಹೆಸರಿನಲ್ಲಿರುವ ಕನ್ನಡ ಕೃತಿಗಳ ಸಾಲನ್ನು ಭೂಪಟದ ಮೇಲೆ ಇಟ್ಟು ನೋಡಬೇಕು. ಕಾಶೀ ಮಹಿಮಾರ್ಥ ದರ್ಪಣ, ಅದು ಉತ್ತರದ ತುದಿ. ಸೇತುಮಹಿಮಾದರ್ಶ ರಾಮೇಶ್ವರದ್ದು, ದಕ್ಷಿಣದ ತುದಿ. ಹಾಲಾಸ್ಯ ಮಾಹಾತ್ಮ್ಯ ಮಧುರೆಯದು, ವಾರಗಟ್ಟಲೆಯ ದಾರಿ. ಕಕುದ್ಗಿರಿ ಮಾಹಾತ್ಮ್ಯ ಬೆಂಗಳೂರಿನ ಆಚೆಯ ಶಿವಗಂಗೆಯದು. ಗರಳಪುರೀ ಮಹಿಮಾದರ್ಶ, ನಂಜುಂಡನ ಊರಾದ ನಂಜನಗೂಡಿನದೇ. ತಿಂಗಳುಗಟ್ಟಲೆ ಹೋಗಬಲ್ಲವನಿಗೂ ಎರಡು ದಿನ ಮಾತ್ರ ಇರುವವನಿಗೂ ಒಂದೊಂದು ಪುಸ್ತಕ. ಪುಸ್ತಕ ಬರೆದದ್ದಲ್ಲದೆ ನಂಜನಗೂಡಿನ ಸಣ್ಣ ಗುಡಿಯನ್ನು ದೊಡ್ಡದು ಮಾಡಿಸಿದವನೂ ಇವನೇ. ಮುಂದೆ ದಿವಾನ್ ಪೂರ್ಣಯ್ಯನೂ ಮುಮ್ಮಡಿ ಕೃಷ್ಣರಾಜ ಒಡೆಯರೂ ಸೇರಿಸುತ್ತಾ ಹೋಗಿ ಗುಡಿ 385 ಅಡಿ ಉದ್ದ, 160 ಅಡಿ ಅಗಲ, 147 ಕಂಬಗಳಷ್ಟಾಯಿತು. ಏಳು ಅಂತಸ್ತಿನ ಗೋಪುರ ಮುಮ್ಮಡಿಯವರ ರಾಣಿ ಕಟ್ಟಿಸಿದ್ದು. ಅಣ್ಣ ದಾರಿ ಮಾಡಿದ, ತಮ್ಮ ದಾರಿಯ ಕೊನೆಗೆ ನೋಡತಕ್ಕದ್ದನ್ನೂ ಅದನ್ನು ಹೇಗೆ ನೋಡಬೇಕೆಂಬುದನ್ನೂ ಮಾಡಿದ. ಹೀಗೆ ಮಾಡೋಣವೆಂದು ಅವರು ಕೂತು ಯೋಚಿಸಿದ್ದರೆಂದು ನಾನು ಹೇಳುತ್ತಿಲ್ಲ. ಆದದ್ದು ಹಾಗೆ.

ಮಾಹಾತ್ಮ್ಯವೆಂದರೆ ಪುರಾಣ, ಅದನ್ನು ಗೈಡ್ ಪುಸ್ತಕವೆನ್ನುವುದು ಅತಿಯಾಯಿತು ಎನ್ನುವವರಿದ್ದಾರೆ. ಈ ಜಾತಿಯ ಪುಸ್ತಕಗಳು ಏನು ಮಾಡುತ್ತವೆಂದು ನೋಡೋಣ. ಕ್ಷೇತ್ರದ ಎಲ್ಲೆ ಯಾವುದು, ಯಾವ ತೀರ್ಥದಲ್ಲಿ ಮೊದಲು ಮುಳುಗಬೇಕು, ಯಾವ ಗುಡಿ ಆಮೇಲೆ, ಯಾವ ತಿಂಗಳು ಒಳ್ಳೆಯದು, ಯಾವುದಕ್ಕೆ ಎಷ್ಟು ಫಲ. ಫಲಶ್ರುತಿಯನ್ನು ಕೊನೆಯ ಅಲಂಕಾರವೆಂದು ಓದುಗರು ದಾಟಿಬಿಡುತ್ತಾರೆ. ಸಮಯವಿಲ್ಲದ ಯಾತ್ರಿಕನಿಗೆ ಬೇಕಾದದ್ದು ಅದೇ. ಹತ್ತು ಅಶ್ವಮೇಧದ ಫಲ ಕೊಡುವ ಕೊಳಕ್ಕೂ ನೂರು ಅಶ್ವಮೇಧದ ಫಲ ಕೊಡುವ ಕೊಳಕ್ಕೂ ನಡುವೆ ಆರಿಸಬೇಕಾದಾಗ ಅವನಿಗೆ ಗೊಂದಲವಿಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಮರಿಯಾನಾ ಸ್ಟಾರ್ಕ್ ಎಂಬ ಇಂಗ್ಲಿಷ್ ಲೇಖಕಿ ತನ್ನ ಪ್ರವಾಸಿ ಪುಸ್ತಕದಲ್ಲಿ ಚಿತ್ರಗಳ ಮುಂದೆ ಅವುಗಳ ಮೇಲ್ಮೆಗೆ ತಕ್ಕಂತೆ ಒಂದು, ಎರಡು, ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದಳು. ಜರ್ಮನಿಯ ಕಾರ್ಲ್ ಬೇಡೆಕರ್ ಅದನ್ನೇ ನಕ್ಷತ್ರ ಮಾಡಿದ. ಈಗ ಮೊಬೈಲಿನಲ್ಲಿ ಹೋಟೆಲಿಗೂ ಅರಮನೆಗೂ ಒಂದೇ ಸಾಲಿನಲ್ಲಿ ಬೀಳುವ ನಕ್ಷತ್ರಗಳ ಮೂಲ ಅಲ್ಲಿದೆ. ಅಶ್ವಮೇಧದ ಲೆಕ್ಕ ಮತ್ತು ನಕ್ಷತ್ರದ ಲೆಕ್ಕ ಎರಡೂ ಒಂದೇ ಕಷ್ಟಕ್ಕೆ ಹುಟ್ಟಿದ ಉಪಾಯಗಳು: ನೋಡುವುದು ಬೆಟ್ಟದಷ್ಟಿದೆ, ಹೊತ್ತು ಹಿಡಿಯಷ್ಟಿದೆ. ದೇಶ ಸುತ್ತು ಇಲ್ಲವೇ ಕೋಶ ಓದು ಎಂದು ಗಾದೆಯೇನೋ ಎರಡನ್ನೂ ಬೇರೆಮಾಡಿದೆ. ಮಾಹಾತ್ಮ್ಯ ಮಾತ್ರ ದೇಶ ಸುತ್ತುವವನ ಕೋಶ. ಎಲ್ಲರೂ ಅದನ್ನು ಓದಿದರೆಂದಲ್ಲ. ಓದು ಬಲ್ಲವನೊಬ್ಬ ಪುರಾಣ ಹೇಳಿದರೆ ಜಗಲಿಯ ಮೇಲೆ ಕೂತ ಮೂವತ್ತು ಜನರ ಕಿವಿಗೆ ಬೀಳುತ್ತಿತ್ತು, ಕನ್ನಡದಲ್ಲಿದ್ದದ್ದರಿಂದ ತಲೆಗೂ ಹೋಗುತ್ತಿತ್ತು.

ಈ ಪಟ್ಟಿ ಎಷ್ಟು ಬಿಗಿಯಾಗಬಹುದು ಎನ್ನುವುದಕ್ಕೆ ತಲಕಾಡಿನ ಪಂಚಲಿಂಗ ದರ್ಶನಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ವೈದ್ಯೇಶ್ವರ, ಅರ್ಕೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಮುಡುಕುತೊರೆಯ ಬೆಟ್ಟದ ಮೇಲಿನ ಮಲ್ಲಿಕಾರ್ಜುನ; ಐದನ್ನೂ ಒಂದೇ ದಿನದಲ್ಲಿ ನೋಡಬೇಕು, ಅದೂ ಮರಳು ತುಳಿಯುತ್ತಾ. ಕಾರ್ತಿಕದ ಸೋಮವಾರ, ಅಮಾವಾಸ್ಯೆ ಮತ್ತು ಗ್ರಹಗತಿ ಕೂಡಿದಾಗ ಮಾತ್ರ ಅದು ಬರುತ್ತದೆ: 2009ರಲ್ಲಿ ಬಂತು, ನಾಲ್ಕು ವರ್ಷ ಬಿಟ್ಟು 2013ರಲ್ಲಿ, ಏಳು ವರ್ಷ ಬಿಟ್ಟು 2020ರಲ್ಲಿ. ರೋಮ್‌ನಲ್ಲಿ ಇದರ ಜೋಡಿಯೇ ಇದೆ. 16ನೇ ಶತಮಾನದಲ್ಲಿ ಫಿಲಿಪ್ಪೊ ನೇರಿ ಎಂಬ ಪಾದ್ರಿ ಏಳು ಚರ್ಚುಗಳ ಸುತ್ತನ್ನು ಮತ್ತೆ ಚಾಲ್ತಿಗೆ ತಂದ. ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡಿಗೆ, ಹಾಡುತ್ತಾ ಹೋಗುವುದು, ನಡುವೆ ಒಂದು ತೋಟದಲ್ಲಿ ಕೂತು ರೊಟ್ಟಿ, ಮೊಟ್ಟೆ, ಚೀಸು ತಿನ್ನುವುದು. ಬುತ್ತಿ ಅಲ್ಲೂ ತಪ್ಪಲಿಲ್ಲ. ಕಾರ್ನಿವಲ್ ದಿನಗಳಲ್ಲಿ ಜನ ಕುಡಿದು ಕುಣಿಯುವುದನ್ನು ತಪ್ಪಿಸಲು ಅವನು ಹೂಡಿದ ಹಂಚಿಕೆ ಅದು. ಮಹಾನಗರವೊಂದರ ದೊಡ್ಡ ದೊಡ್ಡ ಕಟ್ಟಡಗಳನ್ನು ಗುಂಪು ಕಟ್ಟಿಕೊಂಡು, ಮೊದಲೇ ಗೊತ್ತುಮಾಡಿದ ಸರದಿಯಲ್ಲಿ, ಮೊದಲೇ ಗೊತ್ತುಮಾಡಿದ ಊಟದೊಂದಿಗೆ ಒಂದೆರಡು ದಿನದಲ್ಲಿ ನೋಡಿ ಮುಗಿಸುವ ಪದ್ಧತಿಗೆ ಥಾಮಸ್ ಕುಕ್ ಮೂಲಪುರುಷ ಎಂದು ಪ್ರವಾಸೋದ್ಯಮದ ಪುಸ್ತಕಗಳು ಹೇಳುತ್ತವೆ. ಕುಕ್ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೊಗೆ, ಸುಮಾರು ಹನ್ನೆರಡು ಮೈಲಿ, ತಲೆಗೆ ಒಂದು ಶಿಲ್ಲಿಂಗಿನಂತೆ ರೈಲಿನಲ್ಲಿ ಜನರನ್ನು ಕರೆದೊಯ್ದ; 1855ರಲ್ಲಿ ಯುರೋಪ್ ಖಂಡಕ್ಕೂ ಕೈಚಾಚಿದ. ಅವನು ಪಾನನಿರೋಧದ ಪ್ರಚಾರಕನಾಗಿದ್ದ ಎನ್ನುವುದು ಗಮನಿಸಬೇಕಾದ ಮಾತು. ಮುನ್ನೂರು ವರ್ಷ ಹಿಂದಿನ ಪಾದ್ರಿಗೂ ಇವನಿಗೂ ಇದ್ದ ಚಿಂತೆ ಒಂದೇ, ಹೊಸದಾಗಿ ಬಂದದ್ದು ರೈಲು ಮಾತ್ರ.

ಆ ರೈಲು ನಂಜನಗೂಡಿಗೆ ಬಂದದ್ದು 1891ರಲ್ಲಿ, ಅಲ್ಲಿಂದ ಚಾಮರಾಜನಗರಕ್ಕೆ ಮುಂದುವರಿದದ್ದು 1926ರಲ್ಲಿ. ಗಾಡಿಯ ಒಂದು ಹಗಲು ರೈಲಿನ ಒಂದು ಗಂಟೆಯ ಸುಮಾರಿಗೆ ಇಳಿಯಿತು. ಇದರಿಂದ ಪ್ರವಾಸ ಹಿಗ್ಗಿತೆಂದು ಹೇಳುವುದು ವಾಡಿಕೆ. ನನಗೆ ಕುಗ್ಗಿದಂತೆ ಕಾಣುತ್ತದೆ. ರಾತ್ರಿ ತಂಗಬೇಕಾದ ಕಾಲಕ್ಕೆ ಛತ್ರ ಬೇಕಿತ್ತು, ಛತ್ರದಲ್ಲಿ ತಂಗಿದವರಿಗೆ ಸಂಜೆಯ ಹೊಳೆ, ಬೆಳಗಿನ ಹೊಳೆ ಎರಡೂ ಸಿಗುತ್ತಿದ್ದವು, ಪರಶುರಾಮನ ಗುಡಿಗೂ ಹೋಗಿಬರಲು ಹೊತ್ತಿರುತ್ತಿತ್ತು. ಅದೇ ದಿನ ಹಿಂದಿರುಗುವ ಗಾಡಿ ಇದ್ದ ಮೇಲೆ ಪಟ್ಟಿಯಲ್ಲಿ ಉಳಿಯುವುದು ನಂಜುಂಡೇಶ್ವರ ಒಬ್ಬನೇ. ಹೀಗಾಗಿ ಆತುರಕ್ಕೆ ಪಟ್ಟಿಯನ್ನು ದೂರುವುದು ತಪ್ಪು. ಎರಡು ದಿನವನ್ನು ಒಂದು ದಿನ ಮಾಡಿದ್ದು ವೇಗ. ಪಟ್ಟಿ ಬಡವನ ಕೈಗೆ ಒಂದು ಊರನ್ನು ತಂದುಕೊಟ್ಟಿತ್ತು.

ಇಷ್ಟಾದರೂ ಯಾತ್ರೆ ಬೇರೆ, ಪ್ರವಾಸ ಬೇರೆ ಎಂಬ ವಾದ ಉಳಿಯುತ್ತದೆ. ಮುಡಿ ಕೊಡಲು, ಉರುಳು ಸೇವೆ ಮಾಡಲು, ರೋಗ ವಾಸಿಯಾದ ಹರಕೆ ತೀರಿಸಲು ಬಂದವನನ್ನು ಸೆಲ್ಫಿ ತೆಗೆಯಲು ಬಂದವನ ಪಕ್ಕದಲ್ಲಿ ನಿಲ್ಲಿಸುವುದು ಸರಿಯೇ? ಹರಕೆಯ ಗಂಭೀರತೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಜಾತ್ರೆಗೆ ಬಂದವರು ಮಾಡುತ್ತಿದ್ದುದೆಲ್ಲವನ್ನೂ ಎಣಿಸಬೇಕು. ಸುತ್ತೂರು ಮುಡುಕುತೊರೆಗಳಲ್ಲಿ ದನಗಳ ಜಾತ್ರೆ ಕೂಡುತ್ತಿತ್ತು, ಎತ್ತಿನ ಹಲ್ಲು ನೋಡಿ ಚೌಕಾಸಿ ನಡೆಯುತ್ತಿತ್ತು. ಹೊಸದಾಗಿ ಮದುವೆಯಾದವರು ತೇರಿನ ಮೇಲೆ ಹಣ್ಣು ಜವನ ಎಸೆಯಲು ಬರುತ್ತಿದ್ದರು, ಅವರ ಹೊಸ ಸೀರೆ ಶಲ್ಯ ನೋಡಲು ಉಳಿದವರು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರು ಒಂದರ ಹಿಂದೆ ಒಂದು ಹೊರಡುತ್ತವೆ. ದೊಡ್ಡ ತೇರಿನ ಗಾಲಿ ಅಲುಗುವ ಕ್ಷಣಕ್ಕೆ ಬೆಳಗಿನ ಜಾವದಿಂದ ಕಾಯುವವರಲ್ಲಿ ಹರಕೆಯಿಲ್ಲದವರೂ ಬೇಕಾದಷ್ಟು. ಹಿಂದಿರುಗುವಾಗ ಬೆಂಡು ಬತ್ತಾಸು, ಕಡ್ಲೆಪುರಿ, ಬಳೆ, ಮಕ್ಕಳಿಗೆ ಪೀಪಿ, ನಂಜನಗೂಡಿನ ರಸಬಾಳೆ. ಜಾತ್ರೆಗೆ ಹೋಗಿ ಬರಿಗೈಯಲ್ಲಿ ಬಂದವನ ಮುಖ ಮನೆಯಲ್ಲಿ ಯಾರೂ ನೋಡುವುದಿಲ್ಲ. ಹರಕೆ ಹೊರಡಲು ಸಿಗುವ ಒಪ್ಪಿಗೆ. ಮುಖ್ಯವಾಗಿ ಹೆಂಗಸರಿಗೆ; ಊರು ನೋಡಿಬರುತ್ತೇನೆಂದರೆ ಬಿಡದ ಮನೆ ಹರಕೆಯೆಂದರೆ ಗಾಡಿ ಕಟ್ಟಿಸುತ್ತಿತ್ತು. ಒಪ್ಪಿಗೆ ಪಡೆದು ಹೊರಟ ಮೇಲೆ ಕಣ್ಣಿಗೆ ಕಟ್ಟು ಹಾಕಿದವರು ಯಾರೂ ಇಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ. ಈ ಪಟ್ಟಿ ಯಾರದು? ಸೇತುವೆಯ ಮೇಲೆ ಎಲ್ಲರೂ ನಡೆಯಬಹುದಿತ್ತು, 147 ಕಂಬಗಳ ಒಳಗೆ ಎಲ್ಲರೂ ಹೋಗುವಂತಿರಲಿಲ್ಲ. ಛತ್ರಗಳಲ್ಲಿ ಜಾತಿಗೊಂದು ಒಲೆ, ಪಂಕ್ತಿಗೊಂದು ಗೆರೆ. ಮೈಸೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶಕ್ಕೆ ಕಾನೂನು ಬಂದದ್ದು 1948ರಲ್ಲಿ. ಅಲ್ಲಿಯವರೆಗೆ ಸೀಮೆಯ ದಲಿತರಿಗೆ ದಕ್ಷಿಣ ಕಾಶಿ ಗೋಪುರದ ಹೊರಗೇ ಮುಗಿಯುತ್ತಿತ್ತು. ಇದು ನನ್ನ ವಾದಕ್ಕೆ ಪೆಟ್ಟು ಎಂಬುದನ್ನು ಒಪ್ಪುತ್ತೇನೆ. ಅಗಸನ ಕಥೆ ಹೇಳುವ ಸಮಾಜ ಅಗಸನಿಗೂ ಅವನಿಗಿಂತ ಕೆಳಗೆ ತಳ್ಳಿದವರಿಗೂ ಒಳಗೆ ಎಷ್ಟು ಜಾಗ ಕೊಟ್ಟಿತು ಎಂದು ಕೇಳಲೇಬೇಕು. ಆದರೆ ಹೊರಗುಳಿದವರು ಪಟ್ಟಿಯಿಲ್ಲದೆ ಕೂರಲಿಲ್ಲ, ತಮ್ಮದೇ ಪಟ್ಟಿ ಮಾಡಿಕೊಂಡರು. ಮಂಟೇಸ್ವಾಮಿ ಪರಂಪರೆಯ ಬೊಪ್ಪೇಗೌಡನಪುರ, ಚಿಕ್ಕಲ್ಲೂರು, ಕುರುಬನಕಟ್ಟೆ, ಕಪ್ಪಡಿಗಳ ಸುತ್ತು ಅಂಥದು. ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರು, ಶಿವರಾತ್ರಿಯ ಹಿಂದೆ ಮುಂದೆ ಕಪ್ಪಡಿ. ಗಾಡಿ, ಗುಡಾರ, ಪಂಕ್ತಿಸೇವೆ, ರಾತ್ರಿಯಿಡೀ ನೀಲಗಾರರ ತಂಬೂರಿ ಗಗ್ಗರ. ಅಲ್ಲಿ ಸ್ಥಳಮಹಿಮೆ ತಾಳೆಗರಿಯಲ್ಲಿಲ್ಲ, ಹಾಡುವವರ ಬಾಯಲ್ಲಿದೆ. ದಳವಾಯಿಯ ದುಡ್ಡಿಲ್ಲದೆ, ಸರ್ವಾಧಿಕಾರಿಯ ಪುಸ್ತಕವಿಲ್ಲದೆ ಅದೇ ಅಳತೆಯ, ಅದೇ ಋತುವಿನ ತಿರುಗಾಟ ಹುಟ್ಟಿಕೊಂಡಿತು. ಗುಡಿಯಿಂದ ಹೊರಗಿಟ್ಟರೂ ಹೊರಡುವ ಆಸೆಯನ್ನೂ ಸರದಿಯ ಕ್ರಮವನ್ನೂ ಯಾರೂ ಕಿತ್ತುಕೊಳ್ಳಲಾಗಲಿಲ್ಲ ಎಂದಷ್ಟೇ ಇದರಿಂದ ತಿಳಿಯುತ್ತದೆ.

ಪಟ್ಟಿಗೆ ಒಂದು ದೊಡ್ಡ ದೋಷವಿದೆ, ಅದನ್ನು ಹೇಳದೆ ಬಿಟ್ಟರೆ ಈ ಲೇಖನ ವಕೀಲನ ವಾದವಾಗುತ್ತದೆ. ಪಟ್ಟಿ ತೋರಿಸುವಷ್ಟೇ ಮುಚ್ಚಿಡುತ್ತದೆ. ನರಸೀಪುರ ತಾಲ್ಲೂಕಿನಲ್ಲೇ ಇರುವ ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ. ನಕ್ಷತ್ರಾಕಾರದ ಜಗತಿ, ಮೂರು ಗರ್ಭಗುಡಿ, ಗೋಡೆಯ ಮೇಲೆ ಬೆರಳಿನಷ್ಟು ಗಾತ್ರದ ಆನೆ ಕುದುರೆಗಳ ಸಾಲು. ಪೂಜೆ ನಿಂತಿತು, ಪೂಜೆ ನಿಂತ ಮೇಲೆ ಫಲವಿಲ್ಲ, ಫಲವಿಲ್ಲದ್ದು ಯಾತ್ರೆಯ ಪಟ್ಟಿಯಲ್ಲಿ ನಿಲ್ಲುವುದಿಲ್ಲ. ತಲಕಾಡಿಗೆ, ಮುಡುಕುತೊರೆಗೆ, ಸಂಗಮಕ್ಕೆ ಗಾಡಿ ಕಟ್ಟಿದ ಜನ ಈ ಕಟ್ಟಡದ ಆಸುಪಾಸಿನಲ್ಲೇ ಹಾದುಹೋದರು. ಅದನ್ನು ಇನ್ನೊಂದು ಬಗೆಯ ಪಟ್ಟಿಗೆ ಹತ್ತಿಸಿದವರು ಮೈಸೂರಿನ ಪುರಾತತ್ವ ಇಲಾಖೆಯವರು, ಆರ್. ನರಸಿಂಹಾಚಾರ್ಯರು 1917ರಲ್ಲಿ ಅದರ ಮೇಲೆಯೇ ಒಂದು ಪುಸ್ತಕ ಹೊರತಂದರು. 2023ರಲ್ಲಿ ಬೇಲೂರು ಹಳೇಬೀಡುಗಳ ಜೊತೆ ಯುನೆಸ್ಕೊ ಪಟ್ಟಿಗೂ ಸೇರಿತು. ಈಗ ಬಸ್ಸುಗಳು ಅಲ್ಲಿ ನಿಲ್ಲುತ್ತವೆ, ಪೂಜೆ ನಡೆಯುವ ಪಕ್ಕದ ಊರುಗಳ ಗುಡಿಗಳ ಮುಂದೆ ನಿಲ್ಲುವುದಿಲ್ಲ. ಕುರುಡು ಹೋಗಿಲ್ಲ, ಕಣ್ಣು ಬದಲಾಯಿಸಿದೆ. ಹಾಗೆಂದು ಪಟ್ಟಿಯೇ ಬೇಡ ಎನ್ನುವವರು ಒಂದನ್ನು ಮರೆಯುತ್ತಾರೆ: ಸೋಮನಾಥಪುರವನ್ನು ಮರೆವಿನಿಂದ ಎತ್ತಿದ್ದೂ ಒಂದು ಪಟ್ಟಿಯೇ. ಪಟ್ಟಿಯಿಲ್ಲದೆ ಸುಮ್ಮನೆ ಅಲೆದವರು ಯಾರೂ ಅದನ್ನು ಎತ್ತಲಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರು 1931ರಲ್ಲಿ ಕೈಲಾಸ ಮಾನಸ ಸರೋವರಕ್ಕೆ ಹೋದರು, 1936ರಲ್ಲಿ ಯುರೋಪಿಗೆ. ಐದು ವರ್ಷದ ಅಂತರದಲ್ಲಿ ಒಬ್ಬನೇ ವ್ಯಕ್ತಿ ಎರಡನ್ನೂ ಮಾಡಬಹುದಾಯಿತು. ಮೊದಲನೆಯದು ಹಳೆಯ ಕಾಲದ್ದು, ಎರಡನೆಯದು ಹೊಸ ಕಾಲದ್ದು ಎಂದು ಗೆರೆ ಎಳೆಯಬೇಕೆಂದು ಆಗ ಯಾರಿಗೂ ಅನಿಸಿದಂತಿಲ್ಲ. ಇಂದು ಮೈಸೂರಿನಿಂದಲೋ ಬೆಂಗಳೂರಿನಿಂದಲೋ ಲಂಡನ್ನು ಪ್ಯಾರಿಸ್ಸಿಗೆ ಹೊರಡುವ ಮನೆಗಳಲ್ಲಿ ಪೆಟ್ಟಿಗೆಯ ಒಂದು ಮೂಲೆಗೆ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಒಗ್ಗರಣೆ ಅವಲಕ್ಕಿ ಸೇರುತ್ತವೆ. ಯಾವುದು ಮೊದಲು ಕೆಡುತ್ತದೆ ಎಂಬ ಲೆಕ್ಕ ಅಲ್ಲೂ ನಡೆಯುತ್ತದೆ. ಪಂಚಾಂಗದ ಜಾಗದಲ್ಲಿ ಶಾಲೆಯ ರಜೆ, ಹೊಳೆಯ ಮರ್ಜಿಯ ಜಾಗದಲ್ಲಿ ವೀಸಾ ಕೊಡುವವರ ಮರ್ಜಿ. ಪಟ್ಟಿಯಲ್ಲಿ ಏನಿರಬೇಕು ಏನು ಬಿಡಬೇಕು ಎಂಬ ಜಗಳವೂ ಹಳೆಯದೇ.

ಕಳಲೆ ಯಾವ ಪಟ್ಟಿಯಲ್ಲೂ ಇಲ್ಲ. ನಂಜನಗೂಡಿಗೆ ಬರುವವರಲ್ಲಿ ಹೆಚ್ಚಿನವರು ಕಳಲೆಯವರು ಕಟ್ಟಿಸಿದ ಸೇತುವೆಯನ್ನು ನೋಡುತ್ತಾ ಹೊಳೆ ದಾಟುತ್ತಾರೆ, ಕಳಲೆಯವನು ದೊಡ್ಡದು ಮಾಡಿದ ಗುಡಿಯಲ್ಲಿ ಸುತ್ತು ಬರುತ್ತಾರೆ, ಅದೇ ದಿನ ಹಿಂದಿರುಗುತ್ತಾರೆ. ಆ ಮನೆತನದ ದೇವರಾದ ಲಕ್ಷ್ಮೀಕಾಂತಸ್ವಾಮಿಯ ಗುಡಿ ಕಳಲೆ ಊರೊಳಗಿದೆ, ನಂಜುಂಡನ ಊರು ಬಿಟ್ಟು ಕೆಲವೇ ಮೈಲಿ. ಬುತ್ತಿ ಕಟ್ಟುವಷ್ಟು ದೂರವಲ್ಲ; ಹೋಗಿ, ನೋಡಿ, ತೇರು ಹೊರಡುವಷ್ಟರಲ್ಲಿ ಹಿಂದಿರುಗಬಹುದು.